ಹೇಳಿಕೊಂಡ ಮಗುವಿಗೆ ಶಿಕ್ಷೆ ಬೇಡ: ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಿರಿಯರಿಗೊಂದು ಬಹಿರಂಗ ಪತ್ರ

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ತಂದೆತಾಯಂದಿರಿಗೆ, ಅಜ್ಜ–ಅಜ್ಜಿಯರಿಗೆ, ಮೇಷ್ಟ್ರು ಮತ್ತು ಟೀಚರುಗಳಿಗೆ, ಎಸ್‌ಡಿಎಂಸಿ ಹಾಗೂ ಗ್ರಾಮ ಪಂಚಾಯಿತಿ ಸದಸ್ಯರಿಗೆ,

ನಿಮ್ಮ ಸೀಮೆಗೆ ಬಹಿರಂಗ ಪತ್ರ ಹೊಸದೇನಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಪತ್ತೆಹಚ್ಚಿದರು. ಸುವರ್ಣಗಿರಿಯ ಅಧಿಕಾರಿಗಳು ಈ ಸೀಮೆಯ ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸಿ ಶುರುಮಾಡಿದ ಕಾಗದವೇ ಅಲ್ಲಿ ಕಲ್ಲಿನ ಮೇಲೆ ನಿಂತಿದೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು ಎಂದು ಅದು ತಿಳಿಸುತ್ತದೆ. ಒಳ್ಳೆಯದಕ್ಕೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಿಸಬಹುದು ಎಂದೂ ಹೇಳುತ್ತದೆ. ಮಕ್ಕಳು ಮಾತು ಕೇಳಬೇಕು ಎಂಬುದನ್ನು ನಾವು ಯಾರೂ ಮರೆತಿಲ್ಲ. ಸಣ್ಣವರು ನಿಜ ಹೇಳಲು ಎದ್ದು ನಿಂತಾಗ ದೊಡ್ಡವರಾದ ನಾವು ಏನು ಮಾಡಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಮಕ್ಕಳು ಎದ್ದು ಶೌಚಾಲಯಕ್ಕೆ ನೀರಿಲ್ಲ, ಶಾಲೆಗೆ ಕಾಂಪೌಂಡ್ ಇಲ್ಲ, ಬೆಳಗಿನ ಬಸ್ಸು ನಿಲ್ಲಿಸುವುದಿಲ್ಲ ಎನ್ನುತ್ತಾರೆ. ಪಿಡಿಒ ಬರೆದುಕೊಳ್ಳುತ್ತಾರೆ. ಮುಂದಿನ ಸಭೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕ್ ಹಿಡಿದು, “ಸರ್, ಫೋನಲ್ಲಿ ಯಾರಾದ್ರೂ ನಮ್ಮ ಫೋಟೋ ಕೆಡಿಸಿ ಹೆದರಿಸಿದ್ರೆ ಯಾರಿಗೆ ಹೇಳ್ಬೇಕು? ಮನೇಲಿ ಹೇಳಿದ್ರೆ ಸ್ಕೂಲು ಬಿಡಿಸ್ತಾರೆ” ಎಂದು ಕೇಳಿದಳು ಅಂದುಕೊಳ್ಳಿ. ಸಭೆಯಲ್ಲಿ ಮೊದಲು ಏಳುವ ಮಾತು ಯಾವುದೆಂದು ನಿಮಗೂ ಗೊತ್ತು, ನನಗೂ ಗೊತ್ತು: “ಯಾರ ಮಗಳು ಅವಳು?”

ಆ ಮಾತು ಏಳಬಾರದು. ಮಕ್ಕಳ ಆನ್‌ಲೈನ್ ಸುರಕ್ಷತೆಯ ಪರವಾಗಿ ಒಂದು ಊರಿನಲ್ಲಿ ದನಿ ಹುಟ್ಟುವುದು ಹೀಗೆಯೇ, ಒಬ್ಬ ಹುಡುಗಿಯ ಒಂದು ಪ್ರಶ್ನೆಯಿಂದ. ಅವಳಿಗೆ ಬಹುಮಾನ, ಶಾಲು, ಪ್ರಮಾಣಪತ್ರ ಯಾವುದೂ ಬೇಕಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಬೇಕು.

ನಮ್ಮ ಮನೆಗಳಿಗೆ ಫೋನನ್ನು ತಂದವರು ಮಕ್ಕಳಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ವಿದ್ಯಾಗಮ ಎಂಬ ಕಲಿಕಾ ಕಾರ್ಯಕ್ರಮ ಶುರುವಾದಾಗ ಮೇಷ್ಟ್ರುಗಳು ಮನೆಯಲ್ಲಿ ಫೋನ್ ಇರುವ ಮಕ್ಕಳು, ಇಲ್ಲದ ಮಕ್ಕಳು ಎಂದು ಗುಂಪು ಮಾಡಿಕೊಳ್ಳಬೇಕಾಯಿತು. ಫೋನ್ ಇಲ್ಲದ್ದು ಕೊರತೆ ಎನಿಸಿದ ಕಾಲ ಅದು. ಸಾಲ ಮಾಡಿ ಕೊಂಡವರಿದ್ದಾರೆ, ಪರದೆ ಒಡೆದ ಹಳೇ ಫೋನನ್ನು ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ತಂಗಿಗೆ ದಾಟಿಸಿದವರಿದ್ದಾರೆ. ಪಾಠಕ್ಕೆಂದು ಬಂದ ಫೋನು ಪಾಠ ಮುಗಿದ ಮೇಲೂ ಉಳಿಯಿತು. ದೇಶದ ಹಳ್ಳಿಗಳಲ್ಲಿ ನಡೆದ 2024ರ ಅಸರ್ ಶಿಕ್ಷಣ ಸಮೀಕ್ಷೆಯ ಪ್ರಕಾರ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು 57 ಮಂದಿ, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು 76 ಮಂದಿ. ರಸ್ತೆ ದಾಟುವಾಗ ಕೈ ಹಿಡಿದುಕೊಂಡ ನಾವು ಇಲ್ಲಿ ಮಾತ್ರ ಮಕ್ಕಳನ್ನು ಅವರ ಪಾಡಿಗೆ ಬಿಟ್ಟೆವು. ನಮಗೂ ಅದು ಗೊತ್ತಿಲ್ಲದ ದಾರಿಯಾಗಿತ್ತು, ನಿಜ. ಈಗ ಗೊತ್ತುಮಾಡಿಕೊಳ್ಳಬೇಕು.

ಫೋನಿನ ಆ ಕಡೆ ಕೂತು ಹೆದರಿಸುವವನು ಮಗುವನ್ನು ಹೇಗೆ ಹಿಡಿಯುತ್ತಾನೆಂದು ಒಮ್ಮೆ ಹತ್ತಿರದಿಂದ ನೋಡಿ. ರಾತ್ರಿ ಊಟವಾದ ಮೇಲೆ ಇನ್‌ಸ್ಟಾಗ್ರಾಮಿನಲ್ಲಿ ಒಂದು ಮೆಸೇಜು: “ಹಾಯ್, ಯಾವ್ ಸ್ಕೂಲು?” ಖಾತೆಯ ಹೆಸರು ಹುಡುಗಿಯದು, ಫೋಟೋ ಹುಡುಗಿಯದು. ಒಂದು ವಾರ ಸಿನಿಮಾ, ಹೋಮ್‌ವರ್ಕು, ಮನೆಯಲ್ಲಿ ಬೈದದ್ದು, ಇಷ್ಟೇ ಮಾತು. ಆಮೇಲೆ ವಾಟ್ಸ್‌ಆ್ಯಪ್ ನಂಬರು. ಆಮೇಲೆ “ನಿಂದೊಂದು ಫೋಟೋ ಕಳ್ಸೇ”. ಮಗು ಕಳಿಸದೇ ಇದ್ದರೂ ಅವನ ಕೆಲಸ ನಿಲ್ಲುವುದಿಲ್ಲ. ಜಾತ್ರೆಯಲ್ಲಿ ತೆಗೆದು ನಾವೇ ಸ್ಟೇಟಸ್ಸಿಗೆ ಹಾಕಿದ ಪಟದಿಂದ ಮುಖ ಕತ್ತರಿಸಿ ಬೇರೆ ಮೈಗೆ ಅಂಟಿಸುವ ಆ್ಯಪುಗಳು ಅವನ ಬಳಿ ಇವೆ. ಕೊನೆಗೆ ಬರುವ ಮೆಸೇಜು ಇದು: “ಇವತ್ ರಾತ್ರಿ ಒಳಗೆ ಹೇಳಿದ್ ಮಾಡು. ಇಲ್ಲಾಂದ್ರೆ ನಿಮ್ಮಪ್ಪನ ನಂಬರಿಗೆ ಹಾಕ್ತೀನಿ.”

ಆ ಕೊನೆಯ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ಅವನು ಮಗುವನ್ನು ಹೆದರಿಸುವುದು ನಮ್ಮ ಹೆಸರು ಹೇಳಿ. ಅಪ್ಪನಿಗೆ ಗೊತ್ತಾದರೆ ಹೊಡೆತ, ಅಣ್ಣನಿಗೆ ಗೊತ್ತಾದರೆ ಫೋನು ಹೋಯಿತು, ಅಜ್ಜಿಗೆ ಗೊತ್ತಾದರೆ ಸ್ಕೂಲು ಬಂದ್, ಬೀದಿಗೆ ಗೊತ್ತಾದರೆ ಮದುವೆ ಮಾತು. ಇದು ಅವನಿಗೂ ಗೊತ್ತು, ಮಗುವಿಗೂ ಗೊತ್ತು. ನಮ್ಮ ಸಿಟ್ಟೇ ಅವನ ಬಂಡವಾಳ. ಅದನ್ನು ನಾವು ಹಿಂದಕ್ಕೆ ತೆಗೆದುಕೊಂಡ ದಿನ ಅವನ ಕೈಯಲ್ಲಿ ಉಳಿಯುವುದು ಪೊಲೀಸರಿಗೆ ಬೇಕಾದ ಸಾಕ್ಷಿ ಮಾತ್ರ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

“ಫೋನೇ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತೆ” ಎನ್ನುವವರಿಗೆ ಒಂದು ಮಾತು. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ನಮ್ಮ ಎಷ್ಟೋ ಮನೆಗಳಲ್ಲಿ ಗಂಡಹೆಂಡತಿ ಇಬ್ಬರೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಕಾಫಿ ತೋಟಕ್ಕೋ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಜೊತೆ ಉಳಿಯುತ್ತಾರೆ. ಆ ಮಕ್ಕಳಿಗೆ ಅಪ್ಪ ಅವ್ವ ಸಿಗುವುದೇ ಫೋನಿನಲ್ಲಿ. ತೊಂದರೆಯಾಯಿತೆಂದು ಹೇಳಿಕೊಂಡ ಮಗುವಿನ ಕೈಯಿಂದ ಅದನ್ನೇ ಕಿತ್ತರೆ ಧೈರ್ಯ ಹೇಳುವ ದನಿಯನ್ನೂ ಕಿತ್ತುಕೊಂಡ ಹಾಗಾಯಿತು. ಜೊತೆಗೆ ಸಾಕ್ಷಿಯೂ ಹೋಯಿತು. ಮುಂದಿನ ಸಲ ಆ ಮಗು ಬಾಯಿ ಬಿಡುವುದಿಲ್ಲ. ಅದನ್ನು ನೋಡಿದ ಪಕ್ಕದ ಮನೆಯ ಮಗುವೂ ಬಾಯಿ ಬಿಡುವುದಿಲ್ಲ.

ಸ್ಕೂಲು ಬಿಡಿಸುವುದು, ಮದುವೆಗೆ ಅವಸರ ಮಾಡುವುದು ಇದಕ್ಕಿಂತ ದೊಡ್ಡ ಅನ್ಯಾಯ. ತಪ್ಪು ಮಾಡಿದವನು ಎಲ್ಲೋ ಆರಾಮವಾಗಿರುತ್ತಾನೆ, ಎಂಟು ವರ್ಷ ಓದಿದ ಹುಡುಗಿ ಪುಸ್ತಕ ಮಡಚಿಟ್ಟು ಮಗ್ಗದ ಪಕ್ಕ ಕಂಡಿಕೆ ಸುತ್ತಲು ಕೂರುತ್ತಾಳೆ. ಇಂಥ ಮದುವೆಯನ್ನು ಕಾನೂನು ಒಪ್ಪುವುದಿಲ್ಲ. 2017ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ನಡೆದರೂ ಅದು ಮೊದಲಿನಿಂದಲೇ ಅಸಿಂಧು. ಮಾನ ಉಳಿಸುವ ಹೆಸರಿನಲ್ಲಿ ಮಾಡಿದ ಮದುವೆ ಮಗುವಿಗೆ ಎರಡನೇ ಹಾನಿ.

ಮಕ್ಕಳ ಮೇಲೆ ನಮಗೆ ಕಾಳಜಿ ಇಲ್ಲವೆಂದಲ್ಲ. ಕಾಳಜಿ ತಪ್ಪು ಕಡೆ ನೋಡುತ್ತಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ನಮ್ಮ ರಾಜ್ಯವನ್ನೆಲ್ಲ ಸುತ್ತಿತು. ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅವನೂ ಅವನ ಗೆಳೆಯರೂ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಬೀದಿಯಲ್ಲಿ ಕಂಡ ಅಪರಿಚಿತನ ಬಗ್ಗೆ ಫೋನಿನಲ್ಲಿ ಬಂದ ಸುಳ್ಳನ್ನು ನಂಬಿ ಒಂದು ಜೀವ ತೆಗೆದೆವು. ಅದೇ ಫೋನಿನೊಳಗಿಂದ ಮಗುವಿನ ಜೊತೆ ನಡುರಾತ್ರಿ ಮಾತಾಡುವ ಅಪರಿಚಿತನ ಬಗ್ಗೆ ಮಗು ತಾನೇ ಹೇಳಿದರೂ ನಂಬುವುದಿಲ್ಲ.

ನಂಬಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಅಲೀಡೋ ಎಂಬ ಸಣ್ಣ ಊರು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಎಲಿಸ್ಟನ್ ಬೆರ್ರಿ ಎಂಬ 14 ವರ್ಷದ ಹುಡುಗಿಯ ಮಾಮೂಲಿ ಫೋಟೋವನ್ನು ಸಹಪಾಠಿಯೊಬ್ಬ ಎಐ ಬಳಸಿ ನಗ್ನಚಿತ್ರವಾಗಿ ಮಾಡಿ ಸ್ನ್ಯಾಪ್‌ಚಾಟಿನಲ್ಲಿ ಹಂಚಿದ. ಅವಳ ಗೆಳತಿಯರ ಫೋಟೋಗಳಿಗೂ ಅದೇ ಗತಿಯಾಯಿತು. ಅವಳ ತಾಯಿ ಮಗಳನ್ನು ಮನೆಯೊಳಗೆ ಕೂರಿಸಲಿಲ್ಲ. ಶಾಲೆಗೆ, ಪೊಲೀಸರಿಗೆ, ಕಂಪನಿಗೆ ಅಲೆದರು. ಚಿತ್ರ ತೆಗೆಸಲು ಸುಮಾರು ಒಂಬತ್ತು ತಿಂಗಳು ಹಿಡಿಯಿತು, ಅದೂ ಒಬ್ಬ ಸೆನೆಟರ್ ನಡುವೆ ಬಂದ ಮೇಲೆ. ತಾಯಿ ಮಗಳು ಅಲ್ಲಿಗೆ ಬಿಡಲಿಲ್ಲ. ಇಂಥ ಚಿತ್ರವನ್ನು ದೂರು ಬಂದ 48 ಗಂಟೆಯೊಳಗೆ ತೆಗೆಯಬೇಕೆಂಬ ‘ಟೇಕ್ ಇಟ್ ಡೌನ್’ ಕಾಯ್ದೆಗೆ 2025ರ ಮೇ 19ರಂದು ಅಮೆರಿಕದ ಅಧ್ಯಕ್ಷರು ಸಹಿ ಹಾಕಿದರು. ಆ ಹುಡುಗಿ ದೇಶದ ಕಾನೂನು ಬದಲಿಸುವಷ್ಟು ಗಟ್ಟಿಯಾದದ್ದು ಮನೆಯವರು ಅವಳ ಬೆನ್ನಿಗೆ ನಿಂತದ್ದರಿಂದ.

ನಮ್ಮಲ್ಲೂ ಮಕ್ಕಳು ತಮ್ಮ ಪರವಾಗಿ ತಾವೇ ಮಾತಾಡಿದ ಇತಿಹಾಸವಿದೆ. 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ಭೀಮ ಸಂಘ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಆಮೇಲೆ ಮಕ್ಕಳ ಪಂಚಾಯಿತಿಗಳು ಬಂದವು. ಹಿರಿಯರ ಪಂಚಾಯಿತಿಯ ಮುಂದೆ ಕೂತು ಮಕ್ಕಳು ಲೆಕ್ಕ ಕೇಳಿದರು. ಇಂದಿನ ಮಕ್ಕಳ ಗ್ರಾಮಸಭೆಗೆ ಆ ಅನುಭವದ ಬಲವಿದೆ. ಫೋನಿನ ಬಗ್ಗೆ ಕೇಳುವ ಹುಡುಗಿಯೂ ಆ ಸಾಲಿನವಳೇ.

ಅವಳಿಗೆ ಉತ್ತರ ಕೊಡಲು ಕಾನೂನು ಗೊತ್ತಿರಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನಿನಲ್ಲಿ ಮತ್ತೆ ಮತ್ತೆ ಸಂಪರ್ಕಿಸುವುದೂ ಅಪರಾಧ, ಮಗುವಿನ ಚಿತ್ರ ಹಾಕುತ್ತೇನೆಂದು ಹೆದರಿಸುವುದೂ ಅಪರಾಧ. ಆ ಚಿತ್ರ ನಿಜವಾಗಿರಲಿ, ಸೃಷ್ಟಿಸಿದ್ದಾಗಿರಲಿ, ವ್ಯತ್ಯಾಸವಿಲ್ಲ. ಮೂರು ವರ್ಷದವರೆಗೆ ಜೈಲು. ಮಕ್ಕಳ ಅಶ್ಲೀಲ ಚಿತ್ರ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಹೇಳುತ್ತದೆ. ಇಂಥ ಚಿತ್ರವನ್ನು ನೋಡುವುದು, ಫೋನಿನಲ್ಲಿ ಇಟ್ಟುಕೊಳ್ಳುವುದು ಕೂಡ ಅಪರಾಧವಾಗುತ್ತದೆ ಎಂದು 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. “ನೋಡಪ್ಪಾ, ಯಾರೋ ಕಳ್ಸಿದಾರೆ” ಎಂದು ಗ್ರೂಪಿಗೆ ಫಾರ್ವರ್ಡ್ ಮಾಡುವ ಅಣ್ಣಂದಿರು ಇದನ್ನು ಸರಿಯಾಗಿ ತಿಳಿದುಕೊಳ್ಳಲಿ.

ಗೊತ್ತಿದ್ದೂ ದೂರು ಕೊಡದೆ ಕಟ್ಟೆಯ ಮೇಲೆ ಕೂತು ರಾಜಿ ಮಾಡಿಸುವವರಿಗೂ ಅದೇ ಪೋಕ್ಸೊ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಶಿಕ್ಷೆ ಇದೆ. ಮೇಷ್ಟ್ರೇ ಆಗಲಿ, ಸದಸ್ಯರೇ ಆಗಲಿ, ಇದಕ್ಕೆ ಹೊರತಲ್ಲ.

“ಸ್ಟೇಷನ್ ಮೆಟ್ಟಿಲು ಹತ್ತಿಸಬೇಕಾ?” ಎಂಬ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಮಗು ಠಾಣೆಗೆ ಬರಲೇಬೇಕೆಂದು ಕಾನೂನು ಹೇಳುವುದಿಲ್ಲ. ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ದರ್ಜೆಯವರೇ, ಸಮವಸ್ತ್ರ ಇಲ್ಲದೆ ಬಂದು ಹೇಳಿಕೆ ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು, ಊರು, ಶಾಲೆ, ಫೋಟೋ ಪತ್ರಿಕೆಯಲ್ಲಿ ಬರುವಂತಿಲ್ಲ. ಹೆದರಿಸಿದವನು ಗಡಿಯಾಚೆ ರಾಯದುರ್ಗದಲ್ಲಿರಲಿ, ದೆಹಲಿಯಲ್ಲಿರಲಿ, ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನು ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎನ್ನಲು ಪೊಲೀಸರಿಗೆ ಅವಕಾಶ ಕೊಟ್ಟಿಲ್ಲ. ಯಾವ ಹೊತ್ತಿನಲ್ಲಾದರೂ ಮಗುವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಕ್ಕಳ ಮೇಲಿನ ಇಂಥ ಅಪರಾಧಕ್ಕೆ ಹೆಸರು ಹೇಳದೆಯೂ ದೂರು ದಾಖಲಿಸಬಹುದು.

ದೂರಿನ ಜೊತೆಗೆ ಚಿತ್ರ ಹರಡದಂತೆ ತಡೆಯುವ ದಾರಿಯೂ ಇದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುತ್ತಿರುವ ಒಂದು ಉಚಿತ ಸೇವೆಯ ಹೆಸರೂ ‘ಟೇಕ್ ಇಟ್ ಡೌನ್’. ಅಲ್ಲಿ ಫೋಟೋವನ್ನು ಯಾರಿಗೂ ಕಳಿಸಬೇಕಿಲ್ಲ. ಫೋಟೋ ಮಗುವಿನ ಫೋನಿನಲ್ಲೇ ಇರುತ್ತದೆ. ಅದರಿಂದ ಒಂದು ಸಂಕೇತ ಸಂಖ್ಯೆ ತಯಾರಾಗಿ ಅದಷ್ಟೇ ಹೋಗುತ್ತದೆ. ಆ ಸಂಖ್ಯೆಗೆ ಹೊಂದುವ ಚಿತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಮುಂತಾದ ಕಡೆ ಕಂಡರೆ ಕಂಪನಿಗಳು ತೆಗೆಯುತ್ತವೆ. ವಾಟ್ಸ್‌ಆ್ಯಪಿನ ಒಳಗೆ ಓಡಾಡುವ ಚಿತ್ರಕ್ಕೆ ಇದು ನಾಟುವುದಿಲ್ಲ, ಅದಕ್ಕೆ ಪೊಲೀಸರೇ ಬೇಕು. ಇಂಥ ಚಿತ್ರವನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು ನಮ್ಮ ದೇಶದ 2021ರ ನಿಯಮವೇ ಕಂಪನಿಗಳಿಗೆ ಹೇಳಿತ್ತು. ಅಂದರೆ ಮಗು ಮೊದಲ ದಿನವೇ ಹೇಳಿದರೆ ಮಾಡಬಹುದಾದದ್ದು ಬಹಳ. ಹದಿನೈದು ದಿನ ಒಳಗೊಳಗೇ ನರಳಿ ಹೇಳಿದರೆ ದಾರಿಗಳು ಕಡಿಮೆಯಾಗುತ್ತವೆ. ಮೊದಲ ದಿನವೇ ಹೇಳುವ ಧೈರ್ಯವನ್ನು ಯಾವ ಆ್ಯಪೂ ಕೊಡುವುದಿಲ್ಲ, ಅದನ್ನು ನಾವೇ ಕೊಡಬೇಕು.

ಹುಡುಗರ ವಿಚಾರವೂ ಇದೇ. ವಿಡಿಯೊ ಕಾಲ್ ಮಾಡಿ, ಅದನ್ನು ರೆಕಾರ್ಡ್ ಮಾಡಿಕೊಂಡು, ದುಡ್ಡು ಕೀಳುವ ದಂಧೆ ಹುಡುಗರನ್ನೇ ಹುಡುಕಿ ಬರುತ್ತದೆ. “ಗಂಡುಹುಡುಗ, ಏನಾಗುತ್ತೆ” ಎಂದು ನಾವು ಸುಮ್ಮನಿದ್ದರೆ ಅವನು ಅಪ್ಪನ ಫೋನ್‌ಪೇಯಿಂದ ದುಡ್ಡು ಹಾಕುತ್ತಾ ಹೋಗುತ್ತಾನೆ, ಇಲ್ಲವೇ ಜೀವಕ್ಕೆ ಅಪಾಯ ತಂದುಕೊಳ್ಳುತ್ತಾನೆ. ಇನ್ನು ಫೋನ್ ಬಿಟ್ಟಿರಲಾಗದ ಮಕ್ಕಳಿಗೂ ಹೊಡೆತ ಮದ್ದಲ್ಲ; ಅಂಥವರಿಗಾಗಿ ನಿಮ್ಹಾನ್ಸ್ ಆಸ್ಪತ್ರೆ 2014ರಿಂದಲೇ ‘ಶಟ್’ ಎಂಬ ಕ್ಲಿನಿಕ್ ನಡೆಸುತ್ತಿದೆ. ಆ ಚಟವನ್ನು ಕಾಯಿಲೆಯ ಹಾಗೆ ನೋಡಿ ಚಿಕಿತ್ಸೆ ಕೊಡಿಸಬೇಕು, ಬೆಲ್ಟು ಬಿಚ್ಚಬಾರದು.

ಹದಿನಾರು ವರ್ಷದವರೆಗೆ ಸೋಶಿಯಲ್ ಮೀಡಿಯಾವನ್ನೇ ನಿಷೇಧಿಸಬೇಕು ಎನ್ನುವವರೂ ಇದ್ದಾರೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹಾಗೆ ಮಾಡಿದೆ. ಮಕ್ಕಳ ಸೋಶಿಯಲ್ ಮೀಡಿಯಾ ಬಳಕೆಗೆ ವಯಸ್ಸಿನ ಮಿತಿ ಇರಬೇಕೆಂದು ಕರ್ನಾಟಕ ಹೈಕೋರ್ಟ್ 2023ರ ಸೆಪ್ಟೆಂಬರಿನಲ್ಲೇ ಮೌಖಿಕವಾಗಿ ಹೇಳಿತ್ತು. ಕಂಪನಿಗಳ ಕಿವಿ ಹಿಂಡುವ ಯಾವ ಕಾನೂನು ಬಂದರೂ ನನ್ನ ಸ್ವಾಗತವಿದೆ. ಆದರೆ ನಿಷೇಧದ ನಡುವೆಯೂ ಮಗು ಅಣ್ಣನ ಫೋನಿನಿಂದ ಒಳಗೆ ಹೋಗಿ ಸಿಕ್ಕಿಬಿದ್ದರೆ? ಬಚ್ಚಿಡಲು ಅದಕ್ಕೆ ಇನ್ನೊಂದು ಕಾರಣ ಸಿಕ್ಕಿರುತ್ತದೆ. ಕಾನೂನು ಬರಲಿ, ಬಾರದಿರಲಿ, ಹೇಳಿಕೊಳ್ಳಲು ಒಬ್ಬ ದೊಡ್ಡವರು ಬೇಕೇ ಬೇಕು.

ಹೇಳಿಕೊಳ್ಳುವುದನ್ನೂ ಮೊದಲೇ ಅಭ್ಯಾಸ ಮಾಡಿಸಬೇಕು. ಚಂದ್ರನ ಮೇಲೆ ಇಳಿಸುವ ಯಂತ್ರದ ಸೆನ್ಸರುಗಳನ್ನು ಪರೀಕ್ಷಿಸಲು ಇಸ್ರೋ ಚಂದ್ರನಲ್ಲಿರುವಂಥ ಕುಳಿಗಳನ್ನು ಚಳ್ಳಕೆರೆಯ ಕಾವಲಿನಲ್ಲೇ ತೋಡಿತ್ತು. ಅಪಾಯ ಎದುರಾಗುವ ಮೊದಲೇ ಅದರ ಮಾದರಿಯಲ್ಲಿ ಪಳಗಬೇಕು ಎಂಬ ಆ ಪಾಠವನ್ನು ನಮ್ಮ ಶಾಲೆಗಳೂ ಕಲಿಯಲಿ. ಎಂಟನೇ ಕ್ಲಾಸಿನಲ್ಲಿ ಒಂದು ಪೀರಿಯಡ್ ಸಾಕು: ಒಬ್ಬರು ಹೆದರಿಸುವವರು, ಒಬ್ಬರು ಮಗು, ಒಬ್ಬರು ಅವ್ವ. ಮೆಸೇಜು ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆ, ದುಡ್ಡು ಕಳಿಸಬೇಡ, ಇನ್ನೊಂದು ಫೋಟೋ ಕಳಿಸಬೇಡ, ಬ್ಲಾಕ್ ಮಾಡುವ ಮೊದಲು ಅವನ ಖಾತೆಯ ವಿವರ ಉಳಿಸಿಕೋ, ತಕ್ಷಣ ದೊಡ್ಡವರಿಗೆ ಹೇಳು. ಮಕ್ಕಳೇ ಮಕ್ಕಳಿಗೆ ಹೇಳಿಕೊಟ್ಟರೆ ಇನ್ನೂ ಚೆನ್ನ. ಪ್ರಶ್ನೆ ಕೇಳಿದ ಆ ಹುಡುಗಿಗೇ ಈ ಕೆಲಸ ಒಪ್ಪಿಸಬಹುದು. ಕುದಾಪುರದ ಐಐಎಸ್‌ಸಿ ಆವರಣದಲ್ಲಿ ಶಿಕ್ಷಕರ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗುವ ಮೇಷ್ಟ್ರುಗಳು ಇದಕ್ಕೂ ಒಂದು ಗಂಟೆ ಕೊಡಿ ಎಂದು ಕೇಳಬೇಕು.

ದೊಡ್ಡವರಾದ ನಮ್ಮ ಅಭ್ಯಾಸವೂ ಬದಲಾಗಬೇಕು. ಶಾಲೆಯ ಹೆಸರು ಕಾಣುವಂತೆ ಯೂನಿಫಾರ್ಮಿನಲ್ಲಿರುವ ಮಗಳ ಫೋಟೋ ಸ್ಟೇಟಸ್ಸಿಗೆ ಹಾಕುವ ಮುಂಚೆ ಅವಳನ್ನು ಒಂದು ಮಾತು ಕೇಳಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಬ್ಯಾನರಿನಲ್ಲಿ ಹುಡುಗಿಯರ ದೊಡ್ಡ ಪಟ, ಹೆಸರು, ಊರು ಮೂರನ್ನೂ ಹಾಕಿ ಗ್ರೂಪುಗಳಿಗೆಲ್ಲ ಬಿಡುವುದನ್ನು ಶಾಲೆಗಳು ನಿಲ್ಲಿಸಲಿ.

ಕೊನೆಗೆ ನನ್ನ ಬೇಡಿಕೆ. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಈ ಠರಾವನ್ನು ನಡಾವಳಿ ಪುಸ್ತಕಕ್ಕೆ ಬರೆಸಿ: “ಫೋನ್ ಮೂಲಕ ತೊಂದರೆಗೆ ಒಳಗಾಗಿ ಹೇಳಿಕೊಂಡ ಯಾವ ಮಗುವನ್ನೂ ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಹೊಡೆಯತಕ್ಕದ್ದಲ್ಲ, ಶಾಲೆ ಬಿಡಿಸತಕ್ಕದ್ದಲ್ಲ, ಮದುವೆ ಗೊತ್ತುಮಾಡತಕ್ಕದ್ದಲ್ಲ. ದೂರು ಕೊಡಲು ಪಂಚಾಯಿತಿ ಜೊತೆಗಿರುತ್ತದೆ.” ಅದರ ಪ್ರತಿಯನ್ನು ಶಾಲೆಯ ಗೋಡೆಗೂ ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಬೋರ್ಡಿಗೂ ಅಂಟಿಸಿ. ಕೆಳಗೆ 1098 ಇರಲಿ, ಜೊತೆಗೆ ಊರಿನ ಇಬ್ಬರು ಹಿರಿಯರ ಹೆಸರು, ಫೋನ್ ನಂಬರು ಇರಲಿ. ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ, ರಾತ್ರಿ ಹನ್ನೊಂದಕ್ಕೆ ಕರೆ ಬಂದರೂ ಬೈಯದೆ ಎತ್ತುವವರಾಗಿರಲಿ. ಆ ಇಬ್ಬರು ಯಾರೆಂದು ಆರಿಸುವ ಹಕ್ಕು ಮಕ್ಕಳದ್ದಾಗಿರಲಿ.

ಇತಿ,
ನಿಮ್ಮ ಮಕ್ಕಳ ಹಿತ ಬಯಸುವ
ನಿಮ್ಮವ